ಆ ಮೂರು ಕಾಲನ್ನೂ ಒಳಗೆ ಬಿಡಿ: ದೆಹಲಿಯ ಸ್ಮಾರಕ ಕಾಯುವವರಿಗೆ ಒಂದು ಬಹಿರಂಗ ಪತ್ರ

ದೆಹಲಿಯ ಹಳೆಯ ಕಟ್ಟಡಗಳ ಬಾಗಿಲು ಕಾಯುವ, ಟಿಕೆಟ್ ಹರಿಯುವ, ನಿಯಮ ಬರೆಯುವ ದೊಡ್ಡವರಿಗೂ ಸಣ್ಣವರಿಗೂ,

ನಮಸ್ಕಾರ.

ಈ ಪತ್ರ ಕನ್ನಡದಲ್ಲಿ ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಇದೇ ವಿಷಯವನ್ನು ಹಿಂದಿಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಎರಡು ಸಲ ಬರೆದು ಸಂಬಂಧಪಟ್ಟ ಕಡೆಗೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಹೇಗೂ ಉತ್ತರ ಬರದ ಪತ್ರ ಅಂದಮೇಲೆ ನನಗೆ ಸಲೀಸಾದ ಭಾಷೆಯಲ್ಲೇ ಬರೆಯೋಣ ಅನ್ನಿಸಿತು. ನೀವು ಓದದಿದ್ದರೂ ಊರಿಂದ ದೆಹಲಿ ನೋಡಲು ಹೊರಟವರು ಓದುತ್ತಾರೆ. ಬ್ಯಾಗಿನಲ್ಲಿ ಏನು ತುಂಬಬೇಕು, ಏನು ಬಿಟ್ಟು ಬರಬೇಕು ಅಂತ ಅವರಿಗಾದರೂ ಗೊತ್ತಾಗುತ್ತದೆ.

ವಿಷಯ ಚಿಕ್ಕದು. ಟ್ರೈಪಾಡ್. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್. ಇಷ್ಟಕ್ಕೆಲ್ಲ ಬಹಿರಂಗ ಪತ್ರ ಬೇಕಾ ಅಂತ ನೀವು ಕೇಳಬಹುದು. ದೆಹಲಿಗೆ ಬಂದು ಹನ್ನೆರಡು ವರ್ಷಕ್ಕೂ ಜಾಸ್ತಿ ಆಯಿತು, ನಾನೂ ಹಾಗೇ ಅಂದುಕೊಂಡು ಸುಮ್ನಿದ್ದೆ. ಕಳೆದ ಫೆಬ್ರವರಿಯಲ್ಲಿ ಅಪ್ಪ ಬಂದು ಹೋದ ಮೇಲೆ ಸುಮ್ನಿರಲು ಆಗುತ್ತಿಲ್ಲ.

ಅಪ್ಪನದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಫೋಟೊ ಸ್ಟುಡಿಯೊ. ಅಂದರೆ ಇತ್ತು, ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಸ್ಟುಡಿಯೊದಲ್ಲಿ ಮೂರು ಪರದೆಗಳಿದ್ದವು. ಒಂದರಲ್ಲಿ ಜಲಪಾತ, ಇನ್ನೊಂದರಲ್ಲಿ ಯಾರದೋ ಬಂಗಲೆಯ ಮೆಟ್ಟಿಲು, ಮೂರನೆಯದರಲ್ಲಿ ಇಂಡಿಯಾ ಗೇಟ್. ಮೂರನೆಯದಕ್ಕೇ ಡಿಮ್ಯಾಂಡ್ ಜಾಸ್ತಿ. ಹೊಸದಾಗಿ ಮದುವೆಯಾದವರು, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗರು, ರಜೆಗೆ ಬಂದ ಮಿಲಿಟರಿಯವರು, ಎಲ್ಲರೂ ಅದರ ಮುಂದೆ ನಿಂತವರೇ. ಅದನ್ನು ಬರೆದವರು ನಾಟಕದ ಪರದೆ ಬರೆಯುತ್ತಿದ್ದ ಒಬ್ಬ ಪೇಂಟರ್. ಅವರು ದೆಹಲಿ ಕಂಡವರಲ್ಲ, ಯಾವುದೋ ಕ್ಯಾಲೆಂಡರ್ ನೋಡಿಕೊಂಡು ಬರೆದಿದ್ದರು. ಗೇಟಿನ ಎರಡೂ ಪಕ್ಕ ಖಾಲಿ ಖಾಲಿ ಕಾಣಿಸಿತೋ ಏನೋ, ಒಂದೊಂದು ತೆಂಗಿನ ಮರ ನೆಟ್ಟುಬಿಟ್ಟಿದ್ದರು. ನಮ್ಮ ಕಡೆ ತೆಂಗಿಲ್ಲದ ಜಾಗ ಜಾಗವೇ ಅಲ್ಲ ಬಿಡಿ. ಮೂವತ್ತು ವರ್ಷ ನಮ್ಮೂರಿನ ಜನ ಆ ತೆಂಗಿನ ಮರಗಳ ನಡುವಿನ ಇಂಡಿಯಾ ಗೇಟ್ ಮುಂದೆ ಉಸಿರು ಬಿಗಿಹಿಡಿದು ನಿಂತರು, ಅಪ್ಪ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು, 'ಕಣ್ಣು ಮುಚ್ಚಬೇಡಿ' ಅಂತ ಹೇಳಿ ಕ್ಲಿಕ್ ಮಾಡಿದರು.

ಈಗ ಅಪ್ಪನಿಗೆ 74. ಬಲಗೈ ನಡುಗುತ್ತದೆ. ಟೀ ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ಆದರೂ ಫೋಟೊ ಬಿಟ್ಟಿಲ್ಲ, ಸ್ಟ್ಯಾಂಡ್ ಇದ್ದರೆ ಆಯ್ತು, ಶಟರ್‌ಗೆ ಒಂದು ಕೇಬಲ್ ಸಿಕ್ಕಿಸಿಕೊಂಡರೆ ಕೈ ನಡುಗಿದರೂ ಚಿತ್ರ ನಡುಗುವುದಿಲ್ಲ. ಸಂಪರ್ಕ ಕ್ರಾಂತಿ ರೈಲಿನಲ್ಲಿ ನಿಜಾಮುದ್ದೀನ್ ಸ್ಟೇಷನ್ನಿಗೆ ಬಂದು ಇಳಿದಾಗ ಅವರ ಕೈಯಲ್ಲಿ ಎರಡು ಸಾಮಾನು. ಅಮ್ಮ ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿ ಡಬ್ಬಿ, ಹಳೆಯ ಪಂಚೆಯಲ್ಲಿ ಸುತ್ತಿದ ಸ್ಟ್ಯಾಂಡ್.

ಮಾರನೇ ದಿನ ಒಂದು ಸ್ಮಾರಕಕ್ಕೆ ಹೋದೆವು. ಯಾವುದು ಅಂತ ಹೇಳುವುದಿಲ್ಲ. ಬಾಗಿಲಲ್ಲಿದ್ದ ಗಾರ್ಡ್ ಒಳ್ಳೆಯ ಹುಡುಗ, ಅವನ ಕೆಲಸಕ್ಕೆ ಕುತ್ತು ಬರುವುದು ಬೇಡ. ಪಂಚೆ ಬಿಚ್ಚಿಸಿ ನೋಡಿದ. 'ಅಂಕಲ್, ಯೇ ಅಂದರ್ ನಹೀ ಜಾಯೇಗಾ' ಅಂದ. ಯಾಕೆ ಅಂದರೆ 'ರೂಲ್ ಹೈ'. ಎಲ್ಲಿ ಬರೆದಿದೆ ಅಂದರೆ ತಲೆ ಕೆರೆದುಕೊಂಡ. ಗೇಟಿನ ಬೋರ್ಡಿನಲ್ಲಿ ಕಟ್ಟಡದ ಇತಿಹಾಸ ಇತ್ತು, ತಿಂಡಿ ತಿನ್ನಬಾರದು ಅಂತ ಇತ್ತು, ಗೋಡೆ ಮೇಲೆ ಹೆಸರು ಕೆತ್ತಬಾರದು ಅಂತ ಇತ್ತು. ಟ್ರೈಪಾಡ್ ಮಾತೇ ಇಲ್ಲ. ಕೊನೆಗೆ ಅವನೇ ಜೋಪಾನವಾಗಿ ತೆಗೆದುಕೊಂಡು ಹೋಗಿ, ಪೊರಕೆ ಮತ್ತು ನೆಲ ಒರೆಸುವ ಕೋಲುಗಳಿದ್ದ ಮೂಲೆಯಲ್ಲಿ ನಿಲ್ಲಿಸಿದ. 'ಹೋಗುವಾಗ ತಗೊಳ್ಳಿ' ಅಂದ. ಅಪ್ಪ ಏನೂ ಅನ್ನಲಿಲ್ಲ. ಪಂಚೆ ಮಡಚಿ ಹೆಗಲ ಮೇಲೆ ಹಾಕಿಕೊಂಡು ಒಳಗೆ ನಡೆದರು.

ಒಳಗೆ ಹೋದರೆ ಅಲ್ಲೊಂದು ಮದುವೆಗೆ ಮುಂಚಿನ ಫೋಟೊ ಶೂಟ್ ನಡೆಯುತ್ತಿತ್ತು. ಹುಡುಗಿಯ ಗೌನಿನ ಬಾಲ ಹಿಡಿದುಕೊಳ್ಳಲು ಒಬ್ಬ, ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಹಿಡಿಯಲು ಇನ್ನೊಬ್ಬ, ಎರಡು ಟ್ರೈಪಾಡ್, ಒಂದು ಲೈಟು. ಅವರ ಹತ್ತಿರ ಪರ್ಮಿಶನ್ ಇತ್ತಂತೆ. ಇದ್ದಿರಬಹುದು, ನಾನು ಅನುಮಾನ ಪಡುವುದಿಲ್ಲ. ಅಪ್ಪ ಮಾತ್ರ ಅವರ ಸ್ಟ್ಯಾಂಡನ್ನೇ ನೋಡುತ್ತಾ ನಿಂತರು. 'ಕಾರ್ಬನ್ ಫೈಬರು, ಒಳ್ಳೇದು' ಅಂದರು.

ಗೋರಿಯ ಒಳಕೋಣೆ. ಜಾಲಂಧ್ರದಿಂದ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಯಿಂದ, ಬಿಸಿಲು ಬಿದ್ದು ನೆಲದ ಮೇಲೆ ನಕ್ಷತ್ರ ಚೆಲ್ಲಿದ ಹಾಗೆ ಕಾಣುತ್ತಿತ್ತು. ಕಣ್ಣಿಗೆ ಅದು ಸಾಕಷ್ಟು ಬೆಳಕು. ಕ್ಯಾಮೆರಾಗೆ ಸಾಲದು. ಶಟರ್ ಸೆಕೆಂಡಿನ ಎಂಟನೇ ಒಂದು ಭಾಗವಾದರೂ ತೆರೆದಿರಬೇಕು, ಅಷ್ಟು ಹೊತ್ತಿಗೆ ಗಟ್ಟಿ ಕೈಯೇ ಅಲ್ಲಾಡಿಬಿಡುತ್ತದೆ, ಇನ್ನು ಅಪ್ಪನ ಕೈ ಕೇಳಬೇಕಾ. ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಉಸಿರು ಹಿಡಿದು, ಕಂಬಕ್ಕೆ ಒರಗಿ (ಕಂಬಕ್ಕೆ ಒರಗಬಾರದು ಅಂತಲೂ ಬೋರ್ಡಿತ್ತು, ಸ್ಟ್ಯಾಂಡ್ ಇದ್ದಿದ್ದರೆ ಒರಗುವ ಪ್ರಮೇಯವೇ ಇರಲಿಲ್ಲ) ಹದಿಮೂರು ಫೋಟೊ ತೆಗೆದರು. ಹನ್ನೆರಡು ಶೇಕ್ ಆಗಿದ್ದವು.

ಅವತ್ತು ರಾತ್ರಿ ನಾನು ಆ ರೂಲ್ ಹುಡುಕಲು ಕೂತೆ. ಸಿಕ್ಕಿತು. ಸಿಕ್ಕಿದ್ದು ನೋಡಿ ಸಿಟ್ಟು ಅರ್ಧ ಇಳಿಯಿತು, ನಗು ಬಂತು.

ಪುರಾತನ ಸ್ಮಾರಕಗಳ ಕಾಯ್ದೆ ಬಂದದ್ದು 1958ರಲ್ಲಿ. ಅದರ ಅಡಿಯಲ್ಲಿ 1959ರಲ್ಲಿ ನಿಯಮಗಳನ್ನು ಮಾಡಿದರು. ಸ್ಮಾರಕದ 'ನಕಲು' ಮಾಡುವುದರ ಬಗ್ಗೆ ಅದರಲ್ಲಿ ಒಂದು ಭಾಗವಿದೆ. ನಕಲು ಅಂದರೆ ಚಿತ್ರ ಬರೆಯುವುದು, ಅಚ್ಚು ತೆಗೆಯುವುದು, ಫೋಟೊ ತೆಗೆಯುವುದು ಎಲ್ಲ ಸೇರಿತು. ವಿಶೇಷವಾಗಿ ತಡೆ ಹಾಕದ ಯಾವ ಸ್ಮಾರಕವನ್ನಾದರೂ ಯಾರು ಬೇಕಾದರೂ ನಕಲು ಮಾಡಬಹುದು ಅಂತ ಶುರುವಿನಲ್ಲೇ ಧಾರಾಳವಾಗಿ ಹೇಳಿದ್ದಾರೆ. ಆಮೇಲೆ ಷರತ್ತು. ಪುರಾತತ್ವ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಒಳಗೆ ತರಬಾರದ ಸಾಮಾನುಗಳ ಪಟ್ಟಿ ಹೀಗಿದೆ ನೋಡಿ: ಕ್ಯಾಮೆರಾ ಸ್ಟ್ಯಾಂಡ್, ಸ್ಟೂಲು, ಕುರ್ಚಿ, ಮೇಜು, ದೊಡ್ಡ ಡ್ರಾಯಿಂಗ್ ಬೋರ್ಡು, ಈಸೆಲ್. ಮುಂದೆ ಅಟ್ಟಣಿಗೆ ಕಟ್ಟಬಾರದು, ಕಲ್ಲಿಗೆ ನೀರು, ಎಣ್ಣೆ, ಜಿಡ್ಡು ಬಳಿಯಬಾರದು ಅಂತ ಬರುತ್ತದೆ. ತಮಾಷೆ ಅಂದರೆ ಕ್ಯಾಮೆರಾ ಜೊತೆ ಮಿನುಗುವ ಫ್ಲ್ಯಾಶ್ ಲೈಟಿಗೆ ಆ ಪಟ್ಟಿಯಲ್ಲಿ ವಿನಾಯಿತಿ ಇದೆ! ಈಗ ನಾವು ಬಣ್ಣದ ಚಿತ್ರಗಳಿಗೆ ಹಾನಿ ಅಂತ ಹೆದರುವ ಫ್ಲ್ಯಾಶಿಗೆ ಅಲ್ಲಿ ಸಲಾಮು, ತೆಪ್ಪಗೆ ನಿಂತಿರುವ ಸ್ಟ್ಯಾಂಡಿಗೆ ತಡೆ.

1959ರಲ್ಲಿ ಅದು ಸರಿಯಾಗಿಯೇ ಇತ್ತು. ಅಪ್ಪನ ಗುರುಗಳ ಹತ್ತಿರ ಇದ್ದ ಸ್ಟ್ಯಾಂಡನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ತೇಗದ ಮರದ್ದು, ನನ್ನ ಎತ್ತರಕ್ಕಿಂತ ಜಾಸ್ತಿ, ಕಾಲಿನ ತುದಿಗೆ ಕಬ್ಬಿಣದ ಮೊಳೆ. ಅದರ ಮೇಲೆ ಪೆಟ್ಟಿಗೆ ಕ್ಯಾಮೆರಾ, ಅದರ ಮೇಲೆ ಕಪ್ಪು ಬಟ್ಟೆ, ಬಟ್ಟೆಯೊಳಗೆ ಮನುಷ್ಯ. ಅಂಥದ್ದನ್ನು ತಂದು ಅಮೃತಶಿಲೆಯ ನೆಲದ ಮೇಲೆ ಊರಿದರೆ ನಾನೇ ಬೇಡ ಅನ್ನುತ್ತೇನೆ. ಅಪ್ಪನ ಈಗಿನ ಸ್ಟ್ಯಾಂಡು ಒಂದೂವರೆ ಕಿಲೊ, ಕಾಲಿಗೆ ರಬ್ಬರ್ ಬೂಟು. ನೆಲಕ್ಕೆ ಅಪ್ಪನ ಚಪ್ಪಲಿಗಿಂತ ಮೆತ್ತಗೆ ತಾಗುತ್ತದೆ.

ನಾನು ನಿಮ್ಮ ಮೇಲೆ ಬರೀ ದೂರು ಹೇಳುತ್ತಿಲ್ಲ. ನೀವು ಬದಲಾಗಿದ್ದೀರಿ, ಒಪ್ಪುತ್ತೇನೆ. ಒಂದು ಕಾಲದಲ್ಲಿ ಎಷ್ಟೋ ಸ್ಮಾರಕಗಳಲ್ಲಿ ಕ್ಯಾಮೆರಾ ತೆಗೆದರೇ ವಿಸಿಲ್ ಊದುತ್ತಿದ್ದರು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯ ಹೊಸ ಕೇಂದ್ರ ಕಚೇರಿಯ ಉದ್ಘಾಟನೆಯಲ್ಲಿ ಪ್ರಧಾನಿಯವರೇ ಈ ಫೋಟೊ ನಿಷೇಧದ ವಿಷಯ ಎತ್ತಿದರು. ಅದರ ಬೆನ್ನಿಗೇ ಇಲಾಖೆ ತನ್ನ ಸ್ಮಾರಕಗಳಲ್ಲಿ ಫೋಟೊಗೆ ಅನುಮತಿ ಕೊಟ್ಟಿತು. ಅನುಮತಿ ಸಿಗದೆ ಉಳಿದದ್ದು ಮೂರೇ ಮೂರು: ತಾಜ್‌ಮಹಲಿನ ಗೋರಿಯ ಒಳಕೋಣೆ, ಅಜಂತಾ ಗುಹೆಗಳು, ಲೇಹ್ ಅರಮನೆ. ಅಲ್ಲಿಗೆ ಕಾರಣಗಳಿವೆ ಅಂತ ಯಾರಿಗೂ ಅರ್ಥವಾಗುತ್ತದೆ. ಫೋಟೊಗೆ ದುಡ್ಡಿಲ್ಲ, ವಿಡಿಯೊಗೆ 25 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ. ಚೆನ್ನಾಗಿದೆ. 2019ರಲ್ಲಿ ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ 9ರವರೆಗೆ ತೆರೆದಿಡುವ ನಿರ್ಧಾರ ಮಾಡಿದಾಗ ನಾನು ಕುಣಿದಾಡಿದ್ದೆ. ದೆಹಲಿಯ ಹುಮಾಯೂನ್ ಗೋರಿ, ಸಫ್ದರ್‌ಜಂಗ್ ಗೋರಿ ಅದರಲ್ಲಿದ್ದವು, ನಮ್ಮ ಪಟ್ಟದಕಲ್ಲು, ವಿಜಯಪುರದ ಗೋಲಗುಂಬಜ್ ಕೂಡ ಇದ್ದವು.

ಈಗ ನೀವೇ ಹೇಳಿ. ರಾತ್ರಿ 9ರವರೆಗೆ ಬಾಗಿಲು ತೆರೆದು, ದೀಪ ಹಾಕಿ, ಬನ್ನಿ ಬನ್ನಿ ಅಂತ ಕರೆದು, ಕ್ಯಾಮೆರಾ ತನ್ನಿ ಆದರೆ ಸ್ಟ್ಯಾಂಡ್ ತರಬೇಡಿ ಅಂದರೆ ಅದು ಊಟಕ್ಕೆ ಕರೆದು ಎಲೆ ಹಾಕದ ಹಾಗೆ ಅಲ್ವಾ?

ಇನ್ನೊಂದು ಮಾತು. ನಿಯಮ ಒಂದೇ ಆದರೂ ಗೇಟಿಗೊಂದು ಅರ್ಥ. ನನಗಾದ ಅನುಭವದಲ್ಲೇ ಹೇಳುವುದಾದರೆ, ಒಂದು ಕಡೆ ಅಂಗೈಯಗಲದ ಪುಟ್ಟ ಟ್ರೈಪಾಡನ್ನೂ ತಡೆದರು, ಇನ್ನೊಂದು ಕಡೆ ಮೊಬೈಲಿಗೆ ಸಿಕ್ಕಿಸಿದ್ದರೆ ಪರವಾಗಿಲ್ಲ ಅಂದರು, ಮೂರನೇ ಕಡೆ ಕಾಲು ಮಡಚಿಟ್ಟರೆ ಒಳಗೆ ಬಿಡುತ್ತೇವೆ ಬಿಚ್ಚಬಾರದು ಅಂದರು, ನಾಲ್ಕನೇ ಕಡೆ ಯಾರೂ ಕೇಳಲೇ ಇಲ್ಲ. ಸೆಲ್ಫಿ ಕೋಲಿಗೆ ಮೂರು ಕಾಲು ಮೂಡಿಸಿದ ಮಾಡೆಲ್ಲುಗಳು ಈಗ ಮಾರುಕಟ್ಟೆಯಲ್ಲಿವೆ. ಅದು ಕೋಲೋ ಸ್ಟ್ಯಾಂಡೋ ಅಂತ ಗಾರ್ಡ್ ಹೇಗೆ ಹೇಳಬೇಕು ಪಾಪ. 'ಬಡಾ ಕ್ಯಾಮೆರಾ' ಅನ್ನುವುದು ಇನ್ನೊಂದು ಅಳತೆ. ಲೆನ್ಸ್ ಉದ್ದ ಇದ್ದರೆ ನೀವು ಪ್ರೊಫೆಷನಲ್, ಪ್ರೊಫೆಷನಲ್ ಆದರೆ ಪರ್ಮಿಶನ್ ಬೇಕು. ಹಕ್ಕಿ ಫೋಟೊ ತೆಗೆಯುವ ನನ್ನ ಸ್ನೇಹಿತ ಬ್ಯಾಂಕಿನಲ್ಲಿ ಕ್ಲರ್ಕು, ಅವನ ಲೆನ್ಸ್ ನೋಡಿದವರೆಲ್ಲ ಅವನನ್ನು ಯಾವುದೋ ಚಾನೆಲ್ಲಿನವನು ಅಂದುಕೊಳ್ಳುತ್ತಾರೆ. ಇತ್ತ ನಿಜವಾಗಿ ದುಡ್ಡಿಗೆ ಕೆಲಸ ಮಾಡುವವನು ಒಂದು ಒಳ್ಳೆಯ ಫೋನು ಹಿಡಿದು ಆರಾಮಾಗಿ ಒಳಗೆ ಹೋಗಿ ರೀಲ್ಸ್ ಮಾಡಿಕೊಂಡು ಬರುತ್ತಾನೆ.

ಹಕ್ಕುಸ್ವಾಮ್ಯದ ದೃಷ್ಟಿಯಿಂದ ಕಟ್ಟಡದ ಫೋಟೊ ತೆಗೆಯುವುದು ನಮ್ಮ ದೇಶದಲ್ಲಿ ಕಷ್ಟದ ವಿಷಯವೇ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕಟ್ಟಡದ ಫೋಟೊ ತೆಗೆಯುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಅಂತ ನೇರವಾಗಿ ಹೇಳುತ್ತದೆ. ಜನ ಓಡಾಡುವ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಕ್ಕೂ ಅದೇ ಮಾತು. ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರದ ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುಸ್ವಾಮ್ಯ ಇದೆ, ಅದರ ಫೋಟೊವನ್ನು ವ್ಯಾಪಾರಕ್ಕೆ ಬಳಸಲು ಕೇಳಬೇಕು. ನಮ್ಮಲ್ಲಿ ಆ ರಗಳೆ ಇಲ್ಲ. ನನ್ನ ಜೇಬಿನಲ್ಲಿರುವ 500 ರೂಪಾಯಿ ನೋಟಿನ ಹಿಂದೆ ಕೆಂಪುಕೋಟೆಯನ್ನು ನೀವೇ ಅಚ್ಚು ಹಾಕಿಸಿ ಹಂಚಿದ್ದೀರಿ. 50ರ ನೋಟಿನಲ್ಲಿ ನಮ್ಮ ಹಂಪಿಯ ಕಲ್ಲಿನ ರಥ.

ಆ ರಥದ ವಿಷಯ ಬಂತಲ್ಲ, ಒಂದು ಕತೆ ಹೇಳಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ ಹಂಪಿಗೆ ಕ್ಯಾಮೆರಾ ಹೊತ್ತುಕೊಂಡು ಹೋದ. ಆಗ ಫಿಲ್ಮ್ ಇಲ್ಲ. ಮೇಣ ಸವರಿದ ಕಾಗದವೇ ನೆಗೆಟಿವ್. ಅದಕ್ಕೆ ಬೆಳಕು ತಾಗಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು, ಅಂದರೆ ಸ್ಟ್ಯಾಂಡ್ ಇಲ್ಲದೆ ಒಂದು ಚಿತ್ರವೂ ಇಲ್ಲ. ಅವನು ತೆಗೆದ ಚಿತ್ರದಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಹೋಗಿ ನೋಡಿ, ಇಲ್ಲ. ಆಮೇಲೆ ತೆಗೆದುಹಾಕಿದರು. ನಾವು 50ರ ನೋಟಿನಲ್ಲಿ ನೋಡುವ ರಥ ನೆತ್ತಿ ಇಲ್ಲದ ರಥ. ನೆತ್ತಿ ಹೇಗಿತ್ತು ಅಂತ ಹೇಳಲು ಉಳಿದಿರುವುದು ಒಬ್ಬ ಮನುಷ್ಯ ಮೂರು ಕಾಲಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬಿಸಿಲಲ್ಲಿ ಕಾದು ನಿಂತು ಮಾಡಿದ ಕೆಲಸ.

ದೆಹಲಿಯಲ್ಲೂ ಹೀಗೇ. 1857ರ ದಂಗೆ ಅಡಗಿದ ಮೇಲೆ ಬ್ರಿಟಿಷರು ಕೆಂಪುಕೋಟೆಯ ಒಳಗಿನ ಎಷ್ಟೋ ಕಟ್ಟಡಗಳನ್ನು ಕೆಡವಿದರು. 1858ರಲ್ಲಿ ಫೆಲಿಸ್ ಬಿಯಾಟೊ ಅನ್ನುವ ಫೋಟೊಗ್ರಾಫರ್ ಬಂದು ತೆಗೆದ ಚಿತ್ರಗಳು ಆಗಿನ ದೆಹಲಿಯ ಮುಖವನ್ನು ಹಿಡಿದಿಟ್ಟಿವೆ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಕುತುಬ್ ಮಿನಾರ್ ಪಕ್ಕದ ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು ಕೈ ಹಿಂದೆ ಹಾಕಿ ಬೆರಳು ಸೇರಿಸಿದರೆ ಅದೃಷ್ಟ ಅಂತ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು, 1997ರಲ್ಲಿ ಸುತ್ತ ಬೇಲಿ ಬಂತು. ಅಪ್ಪನ ಸ್ನೇಹಿತರೊಬ್ಬರು 1978ರಲ್ಲಿ ಬೆಲ್‌ಬಾಟಂ ಹಾಕಿಕೊಂಡು ಆ ಕಂಬ ತಬ್ಬಿ ನಿಂತ ಫೋಟೊ ನಮ್ಮ ಮನೆಯಲ್ಲಿದೆ. ಸಾವಿರಾರು ಬೆನ್ನು ಉಜ್ಜಿ ಉಜ್ಜಿ ಕಂಬದ ಒಂದು ಪಟ್ಟಿ ಫಳಫಳ ಹೊಳೆಯುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಇನ್ನು ನನ್ನದೇ ಒಂದು. 2014ರ ಮೇ ಕೊನೆಯ ಬಿರುಗಾಳಿಗೆ ಹುಮಾಯೂನ್ ಗೋರಿಯ ಗುಮ್ಮಟದ ಮೇಲಿನ ಕಳಸ ಬಿತ್ತಲ್ಲ, ಅದಕ್ಕೆ ಎರಡು ವಾರ ಮೊದಲು ನಾನು ತೆಗೆದ ಫೋಟೊದಲ್ಲಿ ಕಳಸ ನೆಟ್ಟಗೆ ನಿಂತಿದೆ. ಸಂಜೆ ಬೆಳಕಿನಲ್ಲಿ ಕೈಯಲ್ಲೇ ಹಿಡಿದು ತೆಗೆದದ್ದು. ಸ್ವಲ್ಪ ಶೇಕ್ ಆಗಿದೆ. ಹೊಟ್ಟೆ ಉರಿಯುವುದು ಅದಕ್ಕೇ.

ನಿಮ್ಮ ಕಷ್ಟವೂ ಗೊತ್ತಿಲ್ಲದೇನಿಲ್ಲ. ಭಾನುವಾರ ಮಧ್ಯಾಹ್ನ ಕುತುಬ್ ಮಿನಾರ್ ಹತ್ತಿರ ಸ್ಕೂಲ್ ಮಕ್ಕಳ ಮೂರು ಬಸ್ಸು ಬಂದಿರುವಾಗ ದಾರಿಯಲ್ಲಿ ನಾಲ್ಕು ಜನ ಸ್ಟ್ಯಾಂಡ್ ಹಾಕಿ ನಿಂತರೆ ಒಂದು ಮಗು ಎಡವಿ ಬೀಳುತ್ತದೆ. ನೂಕುನುಗ್ಗಲು ಏನು ಮಾಡುತ್ತದೆ ಅಂತ ಆ ಜಾಗಕ್ಕೆ ಚೆನ್ನಾಗಿ ಗೊತ್ತು. 1981ರ ಡಿಸೆಂಬರಿನಲ್ಲಿ ಮಿನಾರಿನ ಮೆಟ್ಟಿಲ ಮೇಲೆ ನಡೆದ ಕಾಲ್ತುಳಿತದಲ್ಲಿ 45 ಜನ ಸತ್ತರು, ಹೆಚ್ಚಿನವರು ಶಾಲೆಯ ಮಕ್ಕಳು. ಅವತ್ತಿನಿಂದ ಮೇಲೆ ಹತ್ತಲು ಬಿಡುವುದಿಲ್ಲ. ಆ ಬಾಗಿಲು ಮುಚ್ಚಿದ್ದಕ್ಕೆ ಯಾರೂ ನಿಮ್ಮನ್ನು ಬಯ್ಯುವುದಿಲ್ಲ. ಮದುವೆ ಶೂಟಿಂಗಿನವರ ಕಾಟವೂ ಸುಳ್ಳಲ್ಲ. ಹೂವಿನ ಎಸಳು, ಬಣ್ಣದ ಹೊಗೆ, ಬಟ್ಟೆ ಬದಲಿಸಲು ಸಣ್ಣ ಟೆಂಟು ಅಂತ ಮಾಡಿ ಇಡೀ ಅಂಗಳವನ್ನೇ ಛತ್ರ ಮಾಡಿಬಿಡುತ್ತಾರೆ. ಅವರನ್ನು ತಡೆಯಿರಿ, ದುಡ್ಡು ತಗೊಳ್ಳಿ, ಬೇಕಾದ್ದು ಮಾಡಿ. ಡ್ರೋನ್ ಕೂಡ ನಾನು ಕೇಳುತ್ತಿಲ್ಲ.

ರಾಜಪಥ, ಅಂದರೆ ಈಗಿನ ಕರ್ತವ್ಯ ಪಥದ ಆ ತುದಿಯ ವಿಷಯವೂ ಬೇರೆ. ರಾಷ್ಟ್ರಪತಿ ಭವನ, ಪಾರ್ಲಿಮೆಂಟು ಅಂದರೆ ಪೊಲೀಸರು ಹುಷಾರಾಗಿ ಇರಲೇಬೇಕು. ನನ್ನ ತಕರಾರು ಇಷ್ಟೇ, ಎಲ್ಲಿ ನಿಂತು ತೆಗೆಯಬಹುದು ಅಂತ ಒಂದು ಗೆರೆ ಎಳೆದು ತೋರಿಸಿ. ಅಪ್ಪನಿಗೆ ತೀನ್ ಮೂರ್ತಿ ಸರ್ಕಲ್ಲಿನಲ್ಲಿರುವ ಮೂರು ಸೈನಿಕರ ಪ್ರತಿಮೆ ನೋಡುವ ಆಸೆ ಇತ್ತು. ಆ ಮೂವರಲ್ಲಿ ಒಬ್ಬ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವನು, ಉಳಿದಿಬ್ಬರು ಜೋಧಪುರ, ಹೈದರಾಬಾದಿನವರು. 1918ರಲ್ಲಿ, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಕುದುರೆ ಏರಿ ಹೋರಾಡಿದ ದಂಡಿನ ನೆನಪಿಗೆ ನಿಲ್ಲಿಸಿದ್ದು. ಸುತ್ತಮುತ್ತ ದೊಡ್ಡವರ ಮನೆಗಳು. ಆಟೊದವನು ನಿಲ್ಲಿಸಲು ಒಪ್ಪಲೇ ಇಲ್ಲ. ಎರಡು ಸುತ್ತು ಹೊಡೆಸಿದೆ. ಮೈಸೂರಿನವನು ಯಾವ ಕಡೆ ಮುಖ ಮಾಡಿದ್ದಾನೆ ಅಂತ ಅಪ್ಪ ಎರಡೂ ಸುತ್ತಿನಲ್ಲಿ ಹುಡುಕಿದರು.

ಕೇಳುವುದನ್ನು ನೇರವಾಗಿ ಕೇಳಿಬಿಡುತ್ತೇನೆ. ಹೆಚ್ಚಿನ ಸ್ಮಾರಕಗಳು ಸೂರ್ಯ ಹುಟ್ಟುವಾಗ ತೆರೆಯುತ್ತವೆ. ಆಗ ಅಲ್ಲಿರುವುದು ನಾಯಿಗಳು, ಪಾರಿವಾಳಗಳು, ಮಾಲಿಗಳು, ನಮ್ಮಂಥ ನಾಲ್ಕು ಹುಚ್ಚರು. ಆ ಮೊದಲ ಒಂದು ಗಂಟೆ, ರಾತ್ರಿ ತೆರೆದಿರುವ ಕಡೆ ಕೊನೆಯ ಒಂದು ಗಂಟೆ, ರಬ್ಬರ್ ಕಾಲಿನ ಸಣ್ಣ ಸ್ಟ್ಯಾಂಡನ್ನು ಬಿಡಿ. ನಿಯಮ ತಿದ್ದುವುದಕ್ಕೆ ದೆಹಲಿಯಲ್ಲಿ ಎಷ್ಟು ವರ್ಷ ಬೇಕು ಅಂತ ನನಗೆ ಗೊತ್ತು, ಹಾಗಾಗಿ ತಿದ್ದಿ ಅಂತಲೂ ಕೇಳುವುದಿಲ್ಲ. ಲಿಖಿತ ಅನುಮತಿ ಇದ್ದರೆ ಆಯ್ತು ಅಂತ ಹಳೆಯ ನಿಯಮದಲ್ಲೇ ಇದೆ. ಆ ಅನುಮತಿಯನ್ನು ಟಿಕೆಟಿನ ಮೇಲೆ ಅಚ್ಚು ಹಾಕಿ ಸಾಕು. ಈಗ ಹೇಗೂ ಫೋನಿನಲ್ಲೇ ಟಿಕೆಟ್ ತೆಗೆಯುತ್ತೇವೆ. ವಿಡಿಯೊಗೆ ತಗೊಳ್ಳುವ ಹಾಗೆ ಟ್ರೈಪಾಡಿಗೂ 25 ಅಲ್ಲ 50 ತಗೊಳ್ಳಿ, ಬೇಡ ಅನ್ನುವವರು ಯಾರು. ಒಂದು ಫೋಟೊಗೋಸ್ಕರ ಕಚೇರಿ ಹುಡುಕಿಕೊಂಡು ಹೋಗಿ, ಅರ್ಜಿ ಕೊಟ್ಟು, ಸಾಹೇಬರು ಟೂರಿನಲ್ಲಿದ್ದಾರೆ ಅನ್ನಿಸಿಕೊಂಡು ವಾಪಸ್ ಬರುವ ಕೆಲಸ ಸಿನಿಮಾದವರಿಗೆ ಸರಿ, ಮೂರು ದಿನಕ್ಕೆ ಅಂತ ಊರಿಂದ ಬಂದವರಿಗೆ ಅಲ್ಲ. ಇದ್ಯಾವುದೂ ಆಗದಿದ್ದರೆ ಕೊನೇ ಪಕ್ಷ ಗೇಟಿನ ಬೋರ್ಡಿನಲ್ಲಿ ಟ್ರೈಪಾಡ್ ಬೇಡ ಅಂತ ಬರೆಸಿ. ಮನೆಯಲ್ಲೇ ಬಿಟ್ಟು ಬರುತ್ತೇವೆ. ಪೊರಕೆ ಪಕ್ಕ ನಿಲ್ಲಿಸುವುದು ತಪ್ಪುತ್ತದೆ.

ಬೆಂಗಳೂರು ಮೇಲು ಅಂತ ನಾನು ಹೇಳುತ್ತಿಲ್ಲ, ಅಲ್ಲೂ ವಿಧಾನಸೌಧದ ಫೋಟೊ ಬೇಕು ಅಂದರೆ ಬೇಲಿಯ ಹೊರಗೆ ಫುಟ್‌ಪಾತಿನಲ್ಲಿ ನಿಂತು, ಬಸ್ಸು ಅಡ್ಡ ಬರದ ಹೊತ್ತು ನೋಡಿಕೊಂಡು ತೆಗೆಯಬೇಕು. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಕೊನೇ ದಿನ ಸಂಜೆ ಇಂಡಿಯಾ ಗೇಟಿಗೆ ಹೋದೆವು. ಆಟೊದಿಂದ ಇಳಿದು ಅಪ್ಪ ಮೊದಲು ನೋಡಿದ್ದು ಎಡಕ್ಕೆ, ಆಮೇಲೆ ಬಲಕ್ಕೆ. 'ತೆಂಗಿನ ಮರ ಇಲ್ಲ' ಅಂದರು. ನಕ್ಕರು. 42 ಮೀಟರ್ ಎತ್ತರದ ಆ ಕಲ್ಲಿನ ಬಾಗಿಲನ್ನು ಸುಮಾರು ಹೊತ್ತು ಕತ್ತೆತ್ತಿ ನೋಡಿದರು. ನಮ್ಮ ಪರದೆಯಲ್ಲಿ ಕಮಾನಿನ ಕೆಳಗೆ ಅಮರ್ ಜವಾನ್ ಜ್ಯೋತಿ ಇತ್ತು, ಹಳದಿ ಬಣ್ಣದಲ್ಲಿ ದೀಪಾವಳಿ ಹಣತೆಯ ಹಾಗೆ ಬರೆದಿದ್ದರು. 1972ರಿಂದ ಅಲ್ಲಿ ಉರಿಯುತ್ತಿದ್ದ ಆ ಜ್ಯೋತಿಯನ್ನು 2022ರ ಜನವರಿಯಲ್ಲಿ ಪಕ್ಕದ ಯುದ್ಧ ಸ್ಮಾರಕದ ಜ್ಯೋತಿಗೆ ಸೇರಿಸಿದರು ಅಂತ ಹೇಳಿದೆ. 'ಹಾಗಾದರೆ ನಮ್ಮ ಪರದೆಯಲ್ಲಿ ಮಾತ್ರ ಇದೆ ಅನ್ನು' ಅಂದರು. ಹಿಂದಿನ ಮಂಟಪದಲ್ಲಿ ಮೊದಲು ಐದನೇ ಜಾರ್ಜ್ ದೊರೆಯ ಮೂರ್ತಿ ಇತ್ತು, 1968ರಲ್ಲಿ ತೆಗೆದರು, ಆಮೇಲೆ ದಶಕಗಟ್ಟಲೆ ಖಾಲಿ. ಈಗ ಅಲ್ಲಿ ನೇತಾಜಿ ಸಲ್ಯೂಟ್ ಹೊಡೆಯುತ್ತಾ ನಿಂತಿದ್ದಾರೆ, ಕಪ್ಪು ಗ್ರಾನೈಟು, 28 ಅಡಿ. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್ ಅಂದಾಗ ಅಪ್ಪ ಸುತ್ತ ಇದ್ದ ಪಂಜಾಬಿ ಕುಟುಂಬವೊಂದನ್ನು ತಿರುಗಿ ನೋಡಿದರು, ಅವರಿಗೆ ಗೊತ್ತಾಯ್ತಾ ಅನ್ನುವ ಹಾಗೆ.

ಅಲ್ಲಿ ಫೋಟೊಗ್ರಾಫರುಗಳು ಇರುತ್ತಾರಲ್ಲ, ಕತ್ತಿಗೊಂದು ಕ್ಯಾಮೆರಾ, ಹೆಗಲ ಚೀಲದಲ್ಲಿ ಸಣ್ಣ ಪ್ರಿಂಟರು, ನಿಂತಲ್ಲೇ ಪ್ರಿಂಟ್ ಕೊಡುವವರು. ಒಬ್ಬ ಬಂದ. ಬೇಡ ಅನ್ನುವುದರೊಳಗೆ ಅಪ್ಪ ಅವನ ಕ್ಯಾಮೆರಾ ಕೈಗೆ ತಗೊಂಡು ತಿರುಗಿಸಿ ನೋಡುತ್ತಿದ್ದರು. ಇವರಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಇವರು ತಮ್ಮ ಎದೆ ಮುಟ್ಟಿಕೊಂಡು 'ಸ್ಟುಡಿಯೊ, ತರ್ಟಿ ಇಯರ್ಸ್' ಅಂದರು. ಅವನು ಬಗ್ಗಿ ಅಪ್ಪನ ಮೊಣಕಾಲು ಮುಟ್ಟಿದ. ಆಮೇಲೆ ಫೋಟೊ ತೆಗೆಸಿಕೊಳ್ಳುವವರು ಯಾರು, ತೆಗೆಯುವವರು ಯಾರು ಅಂತ ಗೊತ್ತಾಗದ ಹಾಗೆ ಆಯಿತು. ನಿಂತು ತೆಗೆಯಬೇಡ, ತಲೆಗೆ ಕಮಾನು ತಾಗುತ್ತದೆ, ಮಂಡಿ ಊರು, ಇನ್ನೂ ಕೆಳಗೆ, ಇನ್ನೂ. ಕೈಸನ್ನೆಯಲ್ಲೇ ಅವನನ್ನು ಹುಲ್ಲಿನ ಮೇಲೆ ಹೆಚ್ಚು ಕಡಿಮೆ ಮಲಗಿಸಿಬಿಟ್ಟರು. ಪ್ರಿಂಟ್ ಬಂತು. ಬೆಳಕು ಕಮ್ಮಿಯಾಗಿತ್ತು, ಹಿಂದಿನ ಗೇಟು ಸ್ವಲ್ಪ ಅಲುಗಿದ ಹಾಗಿದೆ.

ಇವನು ಯಾಕೆ ಸ್ಟ್ಯಾಂಡ್ ಇಟ್ಟುಕೊಂಡಿಲ್ಲ ಕೇಳು ಅಂದರು ಅಪ್ಪ. ಕೇಳಿದೆ. ಅವನು ನಕ್ಕ. ಸ್ಟ್ಯಾಂಡ್ ಹಾಕಿಕೊಂಡರೆ ಓಡುವುದು ಹೇಗೆ ಸಾಬ್ ಅಂದ.

ಅಪ್ಪ ಬರುವ ಫೆಬ್ರವರಿಗೂ ಟಿಕೆಟ್ ಮಾಡಿಸು ಅಂದಿದ್ದಾರೆ. ಆ ಜಾಲಂಧ್ರದ ಕೋಣೆಗೆ ಇನ್ನೊಮ್ಮೆ ಹೋಗಬೇಕಂತೆ. ಮೊನ್ನೆ ಫೋನಿನಲ್ಲಿ ಕೇಳುತ್ತಿದ್ದರು, ಸ್ಟ್ಯಾಂಡ್ ತರಲೋ ಬೇಡವೋ ಅಂತ. ವಿಚಾರಿಸಿ ಹೇಳುತ್ತೇನೆ ಅಂದಿದ್ದೇನೆ. ಏನು ಹೇಳಲಿ?

ಇಂತಿ,
ಟಿಕೆಟ್ ತಗೊಂಡೇ ಒಳಗೆ ಬರುವ ಒಬ್ಬ ದೆಹಲಿ ಕನ್ನಡಿಗ